ಕಡೇ ಸಾಲಿನ ಅಮೀರರು

ನದಾಫ್ ಮಾಸ್ತರರು ಯಾರ ಮುಂದೆಯೂ ನಡೆದವರಲ್ಲ. ಟೋಕಿಯೋ ಪಕ್ಕದ ಇಚಿಕಾವಾದ ನಮ್ಮ ಸ್ಟೇಷನ್ನಿನಿಂದ ಮೂರು ಜನ ಒಟ್ಟಿಗೆ ಹೊರಟೆವೆಂದರೆ ಹತ್ತು ಹೆಜ್ಜೆಯೊಳಗೆ ಅವರ ಬೂಟಿನ ಲೇಸು ಬಿಚ್ಚಿಕೊಂಡಿರುತ್ತಿತ್ತು. ಅಲ್ಲೇ ಕುಕ್ಕರಗಾಲಲ್ಲಿ ಕೂತು ಕಟ್ಟಿಕೊಳ್ಳುವರು, ನಾವು ಮುಂದಾದ ಮೇಲೆ ಎದ್ದು ಹಿಂದಿನಿಂದ ಬರುವರು. ಕೊಂಬಿನಿ ಅಂಗಡಿಯ ಬಾಗಿಲು ತಾನಾಗಿ ತೆರೆದುಕೊಂಡರೂ ಇನ್ನೊಬ್ಬರು ಮೊದಲು ಹೋಗಲಿ ಎಂದು ಪಕ್ಕಕ್ಕೆ ಸರಿಯುವರು. ಜಪಾನಿನವರೂ ಸರಿಯುವ ಜನವೇ. ಹೀಗಾಗಿ ಯಾರೂ ಒಳಗೆ ಹೋಗದೆ ಆ ಬಾಗಿಲು ಸುಮ್ಮನೆ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಯಾಕೆ ಸರ್ ಹೀಗೆ, ಎಂದು ಒಮ್ಮೆ ಕೇಳಿದೆ.

"ಮುಂದ ನಿಂತವರ ಗತಿ ಏನಾತು ಅಂತ ಓದೂದ ನನ್ನ ಹೊಟ್ಟಿಪಾಡು, ತಂಗಿ. ಪ್ರವಾದಿಗಳ ಆಮ್ಯಾಲ ಬಂದ ಮೊದಲಿನ ನಾಲ್ಕ ಖಲೀಫರೊಳಗ ಮೂರ ಮಂದಿ ಕೊಲಿ ಆದ್ರು. ನಿಮ್ಮ ಕಂಪನ್ಯಾಗ ನಾಲ್ಕ ಮ್ಯಾನೇಜರ್ ಪೈಕಿ ಮೂವರನ್ನ ಕೊಂದಿದ್ರ ಐದನೇದಾಂವ ಆ ಖುರ್ಚಿಗೆ ಅರ್ಜಿ ಹಾಕ್ತಿದ್ನೇನ್ರಿ?" ಎಂದರು. "ಚರಿತ್ರ್ಯಾಗ ಹಾಕ್ಯಾರ. ಪಾಳಿ ಹಚ್ಚಿ ನಿಂತಾರ," ಎಂದು ನಕ್ಕರು.

ಬಾಗಲಕೋಟೆ ಕಡೆಯ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದವರು ಅವರು. ರಜೆ ಹಾಕಿ ಇಲ್ಲಿನ ವಿಶ್ವವಿದ್ಯಾಲಯವೊಂದಕ್ಕೆ ಪಿಎಚ್.ಡಿ. ಮಾಡಲು ಬಂದಿದ್ದರು. ಇಸ್ಲಾಮಿನ ಚರಿತ್ರೆಯಲ್ಲಿ ಧರ್ಮದ ಯಜಮಾನಿಕೆ ಯಾರದು, ರಾಜ್ಯದ ಯಜಮಾನಿಕೆ ಯಾರದು, ಎರಡೂ ಒಬ್ಬನ ಕೈಯಲ್ಲಿದ್ದದ್ದು ಎಷ್ಟು ದಿನ, ಬೇರೆಯಾದ ಮೇಲೆ ನಮ್ಮ ದಖ್ಖನಿನ ಸುಲ್ತಾನರು ಯಾರ ಹೆಸರು ಹೇಳಿಕೊಂಡು ಆಳಿದರು, ಇದು ಅವರ ವಿಷಯ. ಇದನ್ನು ಓದಲು ಜಪಾನೇ ಯಾಕೆ ಎಂದು ಸಿಕ್ಕವರೆಲ್ಲ ಕೇಳುತ್ತಿದ್ದರು. "ಇಲ್ಲಿ ಈ ವಿಷಯಕ್ಕ ಯಾರೂ ಬಡದಾಡೂದಿಲ್ರಿ, ಅದಕ್ಕ," ಎನ್ನುತ್ತಿದ್ದರು. ಪಾಪ, ಆ ಮಾತು ಸುಳ್ಳಾಗಲು ಬಹಳ ದಿನ ಹಿಡಿಯಲಿಲ್ಲ.

ನಾನು ಮೈಸೂರಿನವಳು. ಎರಡು ಸಾವಿರದ ಇಸವಿ ಬಂದರೆ ಜಗತ್ತಿನ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆ ಎಂದು ಹೆದರಿದ್ದ ಕಾಲದಲ್ಲಿ, ಎರಡಂಕಿಯ ಇಸವಿಗಳನ್ನು ನಾಲ್ಕಂಕಿ ಮಾಡುವ ಕೆಲಸಕ್ಕೆ ಬೆಂಗಳೂರಿನ ಕಂಪನಿ ನನ್ನನ್ನು ಕಳಿಸಿತ್ತು. ಬೆಳಿಗ್ಗೆ ತೋಝಾಯ್ ಲೈನಿನ ರೈಲಿನಲ್ಲಿ ಜನರ ಮಧ್ಯೆ ಸಿಕ್ಕಿಕೊಂಡು ಹೋಗುವುದು, ಯಾರೋ ಎಂದೋ ಬರೆದಿಟ್ಟ ಪ್ರೋಗ್ರಾಮಿನಲ್ಲಿ ತಾರೀಕುಗಳನ್ನು ಹುಡುಕುವುದು, ತಿದ್ದುವುದು, ವಾಪಸು ಬರುವುದು. ಆ ವರ್ಷಗಳನ್ನು ನೆನೆದರೆ ಇವತ್ತಿಗೂ ನನಗೆ ಮೊದಲು ಬರುವುದು ಆಯಾಸ. ಅಂಥ ಒಂದು ಭಾನುವಾರ ಸೂಪರ್ ಮಾರ್ಕೆಟ್ಟಿನಲ್ಲಿ ಸೊಪ್ಪಿನ ಮುಂದೆ ನಿಂತು, "ಈ ದೇಶದಲ್ಲಿ ಒಂದು ಕಟ್ಟು ಕೊತ್ತಂಬರಿಗೂ ಗತಿಯಿಲ್ಲ," ಎಂದು ಗೊಣಗಿಕೊಂಡೆ. ಹಿಂದಿನಿಂದ ದನಿ ಬಂತು. "ಇಲ್ಲಿ ಸಿಗಂಗಿಲ್ರೀ ತಂಗಿ. ರಫೀಕ್ ಭಾಯಿ ಅಂಗಡ್ಯಾಗ ಸಿಗತೈತಿ, ಬರ್ರಿ." ದಾರಿ ತೋರಿಸುವವರು ಮುಂದೆ ಹೋಗಬೇಕಲ್ಲ? ಅವರು ನನ್ನ ಹಿಂದೆಯೇ ನಡೆಯುತ್ತ, "ಎಡಕ್ಕ, ಇನ್ನ ಬಲಕ್ಕ," ಎಂದು ಹೇಳುತ್ತ ಕರೆದುಕೊಂಡು ಹೋದರು.

ರಫೀಕ್ ಭಾಯಿ ಪಾಕಿಸ್ತಾನದವರು. ಕೆಳಗೆ ಅವರ ದಿನಸಿ ಮತ್ತು ಹಲಾಲ್ ಮಾಂಸದ ಅಂಗಡಿ, ಮೇಲಿನ ಕೋಣೆಯಲ್ಲಿ ನಮಾಜು. ಪಾಕಿಸ್ತಾನಿಗಳು, ಬಾಂಗ್ಲಾದವರು, ಹೊಳೆಯಾಚೆಯ ಕಾರ್ಖಾನೆಗೆ ತರಬೇತಿ ವೀಸಾದ ಮೇಲೆ ಬಂದಿದ್ದ ಹನ್ನೊಂದು ಇಂಡೋನೇಷ್ಯಾದವರು, ಎಲ್ಲರೂ ಅಲ್ಲಿ ಸೇರುತ್ತಿದ್ದರು. ನದಾಫ್ ಮಾಸ್ತರರು ಮಾತ್ರ ಯಾರ ಗುಂಪಿಗೂ ಸೇರಿದವರಲ್ಲ. ಮನೆಮಾತು ಕನ್ನಡ, ಉರ್ದು ತಡವರಿಸುತ್ತಿತ್ತು, ಅದಕ್ಕಿಂತ ಜಪಾನಿ ಸಲೀಸು. ನಮಾಜಿಗೆ ನಿಲ್ಲುವುದೂ ಕಡೇ ಸಾಲಿನಲ್ಲಿ, ಚಪ್ಪಲಿಗಳ ಪಕ್ಕ.

ಶನಿವಾರಗಳಂದು ಕೊತ್ತಂಬರಿಯ ನೆಪದಲ್ಲಿ ನಾನು ಅಲ್ಲಿಗೆ ಹೋಗುತ್ತಿದ್ದೆ. ಅಂಗಡಿಯ ಮುಂದಿನ ಪೆಪ್ಸಿ ಕ್ರೇಟುಗಳ ಮೇಲೆ ಕೂತು ಚಹಾ ಕುಡಿಯುತ್ತ ಅವರ ಪಾಠ ನಡೆಯುತ್ತಿತ್ತು. ಒಮ್ಮೆ ನಾನು ಆಫೀಸಿನ ಗೋಳು ಹೇಳಿಕೊಂಡೆ. ನಮ್ಮ ವಿಭಾಗದ ಮುಖ್ಯಸ್ಥರಾದ ಬುಚೋ ಸಾನ್ ವರ್ಗವಾಗಿ ಎರಡು ತಿಂಗಳಾಗಿದೆ, ಆದರೂ ಪ್ರತಿ ಕಾಗದಕ್ಕೂ ಅವರ ಮುದ್ರೆಯೇ ಬೀಳಬೇಕು, ಯಾರೋ ಅವರ ಡ್ರಾಯರಿನಿಂದ ಮುದ್ರೆ ತೆಗೆದು ಒತ್ತುತ್ತಾರೆ ಎಂದೆ. ಮಾಸ್ತರರ ಮುಖ ಅರಳಿತು.

"ದಿಲ್ಲಿ ಸುಲ್ತಾನರೂ ಅದನ್ನ ಮಾಡ್ಯಾರ ನೋಡ್ರಿ! ಬಗದಾದಿನ್ಯಾಗ ಮಂಗೋಲರು ಖಲೀಫನ್ನ ಕೊಂದ ಹಾಕಿದ್ರು. ಇಲ್ಲಿ ನಾಣ್ಯದ ಮ್ಯಾಲ ಅಂವನ ಹೆಸರ ಹಂಗ ಬರಕೋತ ಹೋತು, ಹತ್ತ್ಹತ್ರ ನಾಲ್ವತ್ತ ವರ್ಷ. ಸತ್ತಾಂವ ಇವರಿಗೆ ಆಳೂ ಹಕ್ಕ ಕೊಡತಿದ್ದ. ಯಾಕಂತೀರಿ? ಸತ್ತಾಂವ ತಕರಾರ ಮಾಡೂದಿಲ್ಲಲ್ರಿ."

ಸೋಮವಾರದಿಂದ ಬುಚೋ ಸಾನರ ಮುದ್ರೆ ಕಂಡಾಗಲೆಲ್ಲ ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಎರಡು ಸಾವಿರದ ಇಸವಿ ಬಂತು, ಕಂಪ್ಯೂಟರುಗಳು ಕೆಡಲಿಲ್ಲ. ಕೆಟ್ಟದ್ದು ಮೇಲಿನ ಕೋಣೆ. ಆ ಸಲದ ರಂಜಾನ್ ಹೊಸ ವರ್ಷದ ಮೊದಲ ವಾರದಲ್ಲೇ ಮುಗಿಯಿತು. ಟೋಕಿಯೋದಲ್ಲಿ ಚಂದ್ರ ಕಾಣಲಿಲ್ಲ. ಕೆಲವರು ಅರಬ್ ದೇಶದ ಮಾತು ಕೇಳಿ ಶನಿವಾರ ಹಬ್ಬ ಮಾಡಿದರು, ರಫೀಕ್ ಭಾಯಿಯ ಕಡೆಯವರು ತಮ್ಮ ಊರಿನ ಮಾತು ಕೇಳಿ ಭಾನುವಾರ ಮಾಡಿದರು. ಒಂದೇ ಕೋಣೆ, ಎರಡು ಹಬ್ಬ. ಶನಿವಾರದವರು ಕೊಟ್ಟ ಶೀರ್ ಖುರ್ಮಾ ಪಾಯಸವನ್ನು ಭಾನುವಾರದವರು ಮುಟ್ಟಲಿಲ್ಲ. ತಿಂಗಳುಗಟ್ಟಲೆ ಒಬ್ಬರಿಗೊಬ್ಬರು ಸಲಾಂ ಹೇಳಲಿಲ್ಲ. ಕೊನೆಗೆ ಕೋಣೆಗೊಬ್ಬ ಅಮೀರ್, ಅಂದರೆ ಮುಖಂಡ, ಬೇಕು, ಅವನ ಮಾತಿಗೆ ಎಲ್ಲರೂ ಒಪ್ಪಬೇಕು ಎಂದಾಯಿತು. ಯಾರ ಹೆಸರು ಎತ್ತಿದರೂ ಇನ್ನೊಂದು ಗುಂಪು ಬೇಡ ಎಂದಿತು. ಗುಂಪಿಲ್ಲದವರು ಒಬ್ಬರೇ ಇದ್ದರು.

ಮಾಸ್ತರರು ಎರಡು ತಿಂಗಳು ತಪ್ಪಿಸಿಕೊಂಡು ತಿರುಗಿದರು. ಲೇಸು ಎಷ್ಟು ಸಲ ಕಟ್ಟಿದರೂ ಆಗಲಿಲ್ಲ.

"ಖುರ್ಚಿ ಕೇಳಿದಾಂವಗ ಖುರ್ಚಿ ಕೊಡಬಾರದು ಅಂತ ನಮ್ಮಲ್ಲಿ ಹಳೇ ಮಾತೈತಿ," ಎಂದರು ನನ್ನ ಹತ್ತಿರ, ಸೋತ ದನಿಯಲ್ಲಿ. "ನಾ ಕೇಳಲಿಲ್ಲ. ಅದಕ್ಕ ನನ್ನ ತಲಿಗೆ ಕಟ್ಟಿದ್ರು. ಓದಿದ್ದ ನನಗ ಮುಳುವಾತು."

ಅಮೀರರಾದ ಮೇಲೂ ಅವರು ಕಡೇ ಸಾಲು ಬಿಡಲಿಲ್ಲ. ನಮಾಜು ಮಾಡಿಸಲು ಕುರಾನ್ ಬಾಯಿಪಾಠವಿದ್ದ ಯೂಸುಫ್ ಎಂಬ ಇಂಡೋನೇಷ್ಯಾದವನನ್ನು ಮುಂದೆ ನಿಲ್ಲಿಸಿದರು. ಹಬ್ಬಕ್ಕೆ ಒಂದು ನಿಯಮ ಮಾಡಿದರು: ಇಲ್ಲಿ ಚಂದ್ರ ಕಂಡರೆ ಸರಿ, ಕಾಣದಿದ್ದರೆ ಹತ್ತಿರದ ಮುಸ್ಲಿಂ ದೇಶವಾದ ಮಲೇಷ್ಯಾ ಹೇಳಿದಂತೆ. ಎಲ್ಲರೂ ಒಪ್ಪಿ ತಲೆಯಾಡಿಸಿದರು. ಅವರಿಗೆ ಬಿಳಿಗೂದಲು ಹೆಚ್ಚಿದ್ದು ಆ ವರ್ಷವೇ. ಯಾರ ಚಪ್ಪಲಿ ಯಾರು ಮೆಟ್ಟಿಕೊಂಡು ಹೋದರು ಎಂಬುದರಿಂದ ಹಿಡಿದು ಹೀಟರ್ ಹಾಕಬೇಕೋ ಬೇಡವೋ ಎಂಬುದರವರೆಗೆ ಪಂಚಾಯ್ತಿ ಅವರ ಹತ್ತಿರ ಬರುತ್ತಿತ್ತು. ಪಿಎಚ್.ಡಿ.ಯ ಮೂರನೆಯ ಅಧ್ಯಾಯ ಮೂರನೆಯದಾಗಿಯೇ ಉಳಿಯಿತು.

ಕಂಪನಿ ನನ್ನನ್ನು ಬೇರೆ ಕೆಲಸಕ್ಕೆಂದು ಅಲ್ಲೇ ಉಳಿಸಿಕೊಂಡಿತ್ತು. ಚಾಂದ್ರಮಾನದ ವರ್ಷ ಚಿಕ್ಕದಾದ್ದರಿಂದ ಅದೇ ವರ್ಷದ ಕೊನೆಗೆ ಮತ್ತೆ ರಂಜಾನ್ ಬಂತು. ಹತ್ತು ದಿನ ಕಳೆದಿರಬೇಕು, ಮಾಸ್ತರರು ಚಿಂತೆಯಲ್ಲಿ ಕೂತಿದ್ದರು. ಹನ್ನೊಂದು ಜನ ಇಂಡೋನೇಷ್ಯಾದವರಿಗೆ ಹಬ್ಬಕ್ಕೆ ಒಂದು ದಿನ ರಜೆ ಕೊಡಲು ಕಾರ್ಖಾನೆ ಒಪ್ಪಿದೆ. ಎರಡು ವರ್ಷದಲ್ಲಿ ಮೊದಲ ಸಲ. ಆದರೆ ತಾರೀಕನ್ನು ಎರಡು ವಾರ ಮುಂಚೆ ಬರೆದುಕೊಡಬೇಕು. ವರ್ಷದ ಕೊನೆಯ ಕೆಲಸದ ಒತ್ತಡ, ಆಮೇಲೆ ಬದಲಾಯಿಸುವಂತಿಲ್ಲ.

"ಚಂದ್ರನ್ನ ಕೇಳಿ ಹೇಳತೀನಿ ಅಂದ್ರ ಜಪಾನಿನವ್ರು ಒಪ್ಪತಾರೇನ್ರಿ?" ಎಂದರು.

"ಅಷ್ಟೇನಾ ಸರ್? ಒಂದು ಪ್ರೋಗ್ರಾಂ ಬರೆದರೆ ಆಯ್ತು. ಅಮಾವಾಸ್ಯೆ ಲೆಕ್ಕ ಗೊತ್ತಿರೋ ವಿಷಯ ತಾನೇ?" ಎಂದೆ. ಹೇಳುವಾಗ ಜಂಬವೂ ಇತ್ತು. ಎರಡು ವರ್ಷದಿಂದ ತಾರೀಕುಗಳನ್ನೇ ತಿಂದು, ತಾರೀಕುಗಳನ್ನೇ ಕುಡಿದವಳು. ಎರಡು ದಿನದಲ್ಲಿ ಬರೆದು, ಅಚ್ಚು ಹಾಕಿಕೊಟ್ಟೆ. ಹಬ್ಬ: ಮಂಗಳವಾರ. ಮಾಸ್ತರರು ಹಾಳೆಯನ್ನು ಎರಡು ಸಲ ಓದಿ ಕೆಳಗೆ ಸಹಿ ಹಾಕಿ ಕಾರ್ಖಾನೆಗೆ ಕಳಿಸಿದರು, ಒಂದು ಪ್ರತಿಯನ್ನು ಕೋಣೆಯ ಗೋಡೆಗೂ ಅಂಟಿಸಿದರು.

ಸೋಮವಾರ ಸಂಜೆ ಚಂದ್ರನನ್ನು ನೋಡಲು ಎಲ್ಲರೂ ಅಂಗಡಿಯ ತಾರಸಿ ಹತ್ತಿದರು. ನನ್ನ ಲೆಕ್ಕ ನಿಜವಾಗುವುದನ್ನು ನೋಡಬೇಕೆಂದು ಆಫೀಸಿನಿಂದ ಬೇಗ ಹೊರಟು ನಾನೂ ಹೋಗಿದ್ದೆ. ಚಳಿಗಾಲದ ತಿಳಿ ಆಕಾಶ, ದೂರದಲ್ಲಿ ಫೂಜಿಯ ಆಕಾರ ಕೂಡ ಕಾಣುತ್ತಿತ್ತು. ಚಂದ್ರ ಇಲ್ಲ. ಕಣ್ಣು ಕಿರಿದು ಮಾಡಿ ನೋಡುತ್ತಿದ್ದ ಯೂಸುಫ್, ಹೊಸ ಚಂದ್ರ ಕಂಡ ಗಳಿಗೆಯಿಂದಲೇ ತಮಗೆ ಹೊಸ ದಿನ ಎಂದು ತನ್ನ ಮುರುಕು ಇಂಗ್ಲಿಷಿನಲ್ಲಿ ನನಗೆ ವಿವರಿಸಿದ. ಆಗ ನನಗೆ ಹೊಳೆಯಿತು. ಅವರ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಕಂಪ್ಯೂಟರಿನ ದಿನ ಶುರುವಾಗುವುದು ರಾತ್ರಿ ಹನ್ನೆರಡಕ್ಕೆ. ಹೊಸ ತಿಂಗಳು ಮಂಗಳವಾರ ಸಂಜೆಗೆ ಶುರು ಎಂದು ಬಂದ ಲೆಕ್ಕವನ್ನು ನಾನು ಹಬ್ಬವೇ ಮಂಗಳವಾರ ಎಂದು ಅಚ್ಚು ಹಾಕಿದ್ದೆ. ಹಬ್ಬ ಇದ್ದದ್ದು ಬುಧವಾರ ಬೆಳಿಗ್ಗೆ. ಉಪವಾಸ ಇಪ್ಪತ್ತೊಂಬತ್ತಾದರೂ ಆಗಬಹುದು, ಮೂವತ್ತಾದರೂ ಆಗಬಹುದು. ಹಾಗಾಗಿ ಮಂಗಳವಾರ ಎಂದಾಗ ಯಾರಿಗೂ ಅನುಮಾನ ಬಂದಿರಲಿಲ್ಲ.

ಮಾಸ್ತರರ ಹತ್ತಿರ ಹೋಗಿ, "ಸರ್, ನಂದೇ ತಪ್ಪು. ಒಂದು ದಿನ ಹೆಚ್ಚುಕಮ್ಮಿ ಆಗಿದೆ," ಎಂದು ಪಿಸುಗುಟ್ಟಿದೆ.

ಅವರು ಆಕಾಶದಿಂದ ಕಣ್ಣು ತೆಗೆಯದೆ, "ತಿಳೀತು. ಸುಮ್ನಿರ್ರಿ," ಎಂದರು.

ಸ್ವಲ್ಪ ಹೊತ್ತಿಗೆ ಮಲೇಷ್ಯಾದ ಸುದ್ದಿಯೂ ಬಂತು. ಅಲ್ಲಿಯೂ ಹಬ್ಬ ಬುಧವಾರವೇ. ಇಂಡೋನೇಷ್ಯಾದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಜೆ ಮಂಗಳವಾರ ಸಿಕ್ಕಿದೆ, ಹಬ್ಬದ ದಿನ ಯಂತ್ರದ ಮುಂದೆ ನಿಲ್ಲಬೇಕು. ಆಗ ರಫೀಕ್ ಭಾಯಿ ಮಾಸ್ತರರನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದರು. ನಾನು ಅಲ್ಲೇ ನಿಂತಿದ್ದೆ.

"ಇಬ್ಬರು ನಂಬಿಕಸ್ಥರು ನೋಡಿದೆವು ಅಂದರೆ ಸಾಕಲ್ಲ, ಅಮೀರ್ ಸಾಹೇಬ್? ನಾನು ನೋಡಿದೆ ಅಂತೀನಿ. ನನ್ನ ಅಳಿಯನೂ ಅಂತಾನೆ. ಈ ಬಡ ಹುಡುಗರು ಹಬ್ಬ ಮಾಡಿಕೊಳ್ಳಲಿ. ಅಲ್ಲಾಹ್ ಕ್ಷಮಿಸುತ್ತಾನೆ," ಎಂದರು ಉರ್ದುವಿನಲ್ಲಿ.

ಕಳೆದ ಹಬ್ಬಕ್ಕೆ ಚಂದ್ರನಿಗಾಗಿ ಜಗಳವಾಡಿದವರೇ ಇವರು. ಕರುಣೆಯಿಂದಲೇ ಹೇಳಿದರು, ಅದರಲ್ಲಿ ಸಂಶಯವಿಲ್ಲ. ನಾನಾಗಿದ್ದರೆ ಹ್ಞೂಂ ಎಂದುಬಿಡುತ್ತಿದ್ದೆ. ಹ್ಞೂಂ ಎನ್ನಲಿ ಎಂದು ಬೇಡಿಕೊಂಡೆ ಕೂಡ. ಹ್ಞೂಂ ಎಂದರೆ ನನ್ನ ತಪ್ಪೇ ಮುಚ್ಚಿಹೋಗುತ್ತಿತ್ತಲ್ಲ.

ಮಾಸ್ತರರು ತಡವರಿಸುವ ಉರ್ದುವಿನಲ್ಲಿ ಆಗುವುದಿಲ್ಲ ಎಂದರು. ಕಾಣದ ಚಂದ್ರನನ್ನು ಕಂಡೆ ಎನ್ನಿಸಿದ ದೊರೆಗಳ ಕತೆಯನ್ನೇ ತಾನು ಓದುತ್ತಿರುವುದು, ಅವರೆಲ್ಲರೂ ಒಳ್ಳೆಯದಕ್ಕೇ ಎಂದು ಶುರು ಮಾಡಿದವರು ಎಂದರು. ರಫೀಕ್ ಭಾಯಿಯ ಮುಖ ಕಪ್ಪಿಟ್ಟಿತು. ತಾರಸಿಯಿಂದ ಇಳಿದು ಹೋದರು.

ಮಂಗಳವಾರ ಬೆಳಿಗ್ಗೆ ಮಾಸ್ತರರು ಯೂಸುಫನನ್ನು ಕರೆದುಕೊಂಡು ಕಾರ್ಖಾನೆಗೆ ಹೋದರು. ಅಲ್ಲಿ ನಡೆದದ್ದನ್ನು ಯೂಸುಫ್ ಆಮೇಲೆ ಹೇಳಿದ. ಮಾಸ್ತರರು ಸೊಂಟ ಬಗ್ಗಿಸಿ, "ತಾರೀಕು ನಾನು ತಪ್ಪು ಕೊಟ್ಟೆ, ಸುಮಿಮಾಸೆನ್," ಎಂದು ಕ್ಷಮೆ ಕೇಳಿದರಂತೆ. ಮೇಲ್ವಿಚಾರಕರು ಇನ್ನೂ ಕೆಳಕ್ಕೆ ಬಗ್ಗಿ, ಬುಧವಾರದ ಪಾಳಿ ಆಗಲೇ ಬರೆದಾಗಿದೆ, ಸುಮಿಮಾಸೆನ್ ಎಂದರಂತೆ. ಇವರು ಮತ್ತೆ ಬಗ್ಗಿದರು, ಅವರೂ ಬಗ್ಗಿದರು. ರಜೆ ಬದಲಾಗಲಿಲ್ಲ. ಹನ್ನೊಂದು ಜನ ಆ ದಿನ ತಮ್ಮ ತಮ್ಮ ಕೋಣೆಗಳಲ್ಲಿ ಉಪವಾಸ ಮಲಗಿ ರಜೆ ಕಳೆದರು.

ಬುಧವಾರ ಸೂರ್ಯ ಹುಟ್ಟಿದ ಮೇಲೆ, ಪಾಳಿ ಶುರುವಾಗುವ ಮೊದಲು, ಸ್ವಲ್ಪ ಸಮಯವಿತ್ತು. ಕಾರ್ಖಾನೆಯ ಎದುರಿನ ಪಾರ್ಕಿನಲ್ಲಿ ಮಾಸ್ತರರು ನೀಲಿ ಪ್ಲಾಸ್ಟಿಕ್ ಹಾಳೆ ಹಾಸಿದ್ದರು. ನಾನು ಫ್ಲಾಸ್ಕಿನಲ್ಲಿ ಚಹಾ ಹಿಡಿದು ದೂರದ ಬೆಂಚಿನ ಹತ್ತಿರ ನಿಂತೆ. ಅವತ್ತೊಂದು ದಿನ ಮಾತ್ರ ಅವರು ಎಲ್ಲರ ಮುಂದೆ ನಿಂತರು. ಸಮವಸ್ತ್ರದಲ್ಲೇ ಬಂದಿದ್ದ ಹನ್ನೊಂದು ಜನ ಹಿಂದೆ ನಿಂತು ನಮಾಜು ಮುಗಿಸಿದರು, ಒಬ್ಬರನ್ನೊಬ್ಬರು ಅವಸರದಲ್ಲಿ ತಬ್ಬಿಕೊಂಡರು, ಗೇಟಿನ ಕಡೆಗೆ ಓಡಿದರು. ಚಹಾ ಕುಡಿಯಲೂ ನಿಲ್ಲಲಿಲ್ಲ.

ಹಬ್ಬದ ನಮಾಜಿನ ನಂತರ ಪ್ರವಚನವಾಗಬೇಕು. ಕೇಳುವವರಿಲ್ಲ ಎಂದು ಬಿಡುವಂತಿಲ್ಲ ಎನಿಸಿತೋ ಏನೋ, ಮಾಸ್ತರರು ಖಾಲಿ ಹಾಳೆಯ ಕಡೆ ತಿರುಗಿ ನಿಂತರು. ಅರಬ್ಬಿಯಲ್ಲಿ ನಾಲ್ಕು ಮಾತು ಹೇಳಿದರು. ನನ್ನನ್ನು ನೋಡಿದರು. ಆಮೇಲೆ ಕನ್ನಡಕ್ಕೆ ಬಂದರು.

"ಮೊದಲನೇ ಖಲೀಫರು ಪಟ್ಟಕ್ಕ ಬಂದ ದಿನ ಮಂದಿಗೆ ಹೇಳಿದ್ರಂತ. ನಿಮ್ಮೊಳಗ ನಾ ಎಲ್ಲಾರಕಿಂತ ಚಲೋ ಮನಷ್ಯಾ ಅಲ್ಲ. ನೆಟ್ಟಗ ನಡದ್ರ ಕೈ ಹಚ್ಚರಿ, ಸೊಟ್ಟ ನಡದ್ರ ತಿದ್ದರಿ ಅಂತ. ಈ ಮಾತು ಎಲ್ಲಾರಿಗೂ ಬಾಯಿಪಾಠ ಐತಿ. ಆಮ್ಯಾಲ ತಿದ್ದಾಕ ಬಂದವರನ್ನ ಏನ ಮಾಡಿದ್ರು ಅನ್ನೂದ ನನ್ನ ಥೀಸಿಸ್ಸು. ನನಗ ಸಾಕಾಗೇತಿ. ದೇವರು ಈ ಹನ್ನೊಂದು ಮಂದಿ ಹಬ್ಬಾನ ಕಬೂಲ್ ಮಾಡಲಿ."

ನಾನು ಆಮೀನ್ ಎಂದೆ. ಹೇಳಬಹುದೋ ಬಾರದೋ ಗೊತ್ತಿರಲಿಲ್ಲ. ಹೇಳಲು ಅಲ್ಲಿ ಬೇರೆ ಯಾರೂ ಇರಲಿಲ್ಲ.

ಅವರನ್ನು ತಿದ್ದುವ ದಿನ ಶುಕ್ರವಾರ ಬಂತು. ಆಫೀಸಿಗೆ ವರ್ಷಾಂತ್ಯದ ರಜೆ ಶುರುವಾಗಿತ್ತು, ನಾನು ಕೆಳಗೆ ಅಂಗಡಿಯಲ್ಲಿ ಬೇಳೆಯ ಪೊಟ್ಟಣ ಹಿಡಿದು ನಿಂತಿದ್ದೆ. ಮೆಟ್ಟಿಲ ಬಾಗಿಲು ತೆರೆದಿತ್ತು, ಮೇಲಿನ ಮಾತೆಲ್ಲ ಕೇಳುತ್ತಿತ್ತು. ಗೋಡೆಯ ಮೇಲಿನ ಹಾಳೆಯ ಲೆಕ್ಕ ಮಾಡಿದವರು ಯಾರು ಎಂದು ರಫೀಕ್ ಭಾಯಿ ಕೇಳಿದರು. "ನಾನೇ," ಎಂದರು ಮಾಸ್ತರರು. ನಿಮಗೆ ಕಂಪ್ಯೂಟರ್ ಎಲ್ಲಿ ಬರುತ್ತದೆ ಎಂದು ಯಾರೋ ಕೇಳಿದರು. ಸಹಿ ನನ್ನದು, ಲೆಕ್ಕವೂ ನನ್ನದೇ ಎಂದರು. ಇಂಥವರು ಅಮೀರರಾಗಿ ಮುಂದುವರಿಯಬಾರದು ಎನ್ನುವವರು ಕೈ ಎತ್ತಿ ಎಂದಾಯಿತು. ಕೈಗಳಿಗೆ ಸದ್ದಿಲ್ಲ, ನನಗೆ ಕಾಣಲಿಲ್ಲ. ಮೊದಲ ಕೈ ರಫೀಕ್ ಭಾಯಿಯದು ಎಂದು ಆಮೇಲೆ ತಿಳಿಯಿತು. ನಾನು ಮೆಟ್ಟಿಲು ಹತ್ತಿ ಹೋಗಿ ಒಂದು ಮಾತು ಹೇಳಬಹುದಾಗಿತ್ತು. ಯಾರೂ ತಡೆದಿರಲಿಲ್ಲ. ಹೆಂಗಸು, ಹಿಂದೂ, ಮೇಲೆ ಹೋಗುವುದು ಹೇಗೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿಕೆ, ಅಷ್ಟೇ. ಬೇಳೆ ಅಲ್ಲೇ ಇಟ್ಟು ಮನೆಗೆ ಬಂದೆ.

ಮೂರು ತಿಂಗಳು ಕಳೆಯಿತು. ಮಾಸ್ತರರ ರಜೆ ಮುಗಿಯುತ್ತ ಬಂತು, ಥೀಸಿಸ್ ಮುಗಿದಿರಲಿಲ್ಲ. ಊರಿಗೆ ಹೋಗಿ ಬರೆದು ಕಳಿಸುತ್ತೇನೆ ಎಂದು ತಮ್ಮ ಗೈಡ್ ಸೆನ್ಸೇಯ್ ಹತ್ತಿರ ಒಪ್ಪಿಗೆ ಪಡೆದಿದ್ದರು. ಕೋಣೆಯಲ್ಲಿ ಅವರಿಗೆ ಸಲಾಂ ಹೇಳುವವರು ಕಡಿಮೆಯಾಗಿದ್ದರು. ಅವರು ಅದನ್ನು ಮಾತಿಗೂ ಎತ್ತಲಿಲ್ಲ, ನನ್ನ ಪ್ರೋಗ್ರಾಮನ್ನೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಹೊರಡುವ ಹಿಂದಿನ ದಿನ ತಡೆಯಲಾಗಲಿಲ್ಲ. ರಫೀಕ್ ಭಾಯಿಯ ಅಂಗಡಿಗೆ ಹೋಗಿ, ಗಿರಾಕಿಗಳ ಎದುರೇ ಎಲ್ಲ ಹೇಳಿಬಿಟ್ಟೆ. ಲೆಕ್ಕ ನನ್ನದು, ತಪ್ಪು ನನ್ನದು, ಆ ಶುಕ್ರವಾರ ಕೆಳಗೆ ನಿಂತು ಕೇಳುತ್ತಿದ್ದವಳೂ ನಾನೇ. ರಫೀಕ್ ಭಾಯಿ ಮಾಂಸದ ಕತ್ತಿ ಕೆಳಗಿಟ್ಟರು. "ಬೆಹನ್, ಮೊದಲು ಕೈ ಎತ್ತಿದವನು ನಾನು," ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಎದೆ ಹಗುರವಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಮರುದಿನ ಸ್ಟೇಷನ್ ಮುಂದೆ ನಾರಿತಾ ವಿಮಾನನಿಲ್ದಾಣದ ಬಸ್ಸಿಗೆ ಕಾಯುತ್ತ ಮಾಸ್ತರರು ನಿಂತಿದ್ದರು, ಎರಡು ಸೂಟ್‌ಕೇಸ್, ಒಂದು ರಟ್ಟಿನ ಪೆಟ್ಟಿಗೆ ತುಂಬ ಪುಸ್ತಕ. ನಾನು, ಯೂಸುಫ್, ರಫೀಕ್ ಭಾಯಿ ಮೂವರೂ ಹೋದೆವು. ರಫೀಕ್ ಭಾಯಿ ಅವರ ಎರಡೂ ಕೈ ಹಿಡಿದು, ಬೆಹನ್ ಎಲ್ಲ ಹೇಳಿದ್ದಾಳೆ, ಆರು ತಿಂಗಳಾದರೂ ಇರಿ, ನೀವೇ ಮತ್ತೆ ಅಮೀರರಾಗಿ, ಕೋಣೆಯವರೆಲ್ಲ ಮಾಫಿ ಕೇಳುತ್ತಾರೆ ಎಂದರು.

ಮಾಸ್ತರರು ಅವರ ಬೆನ್ನು ತಟ್ಟಿದರು. ಪಟ್ಟದಿಂದ ಇಳಿದವನು ಮತ್ತೆ ಹತ್ತಬಾರದು, ಹತ್ತಿದವರ ಕತೆಗಳು ಒಂದೂ ಚೆನ್ನಾಗಿ ಮುಗಿದಿಲ್ಲ ಎಂದು ಉರ್ದುವಿನಲ್ಲಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. ಅಂಥ ಮುಖವನ್ನು ಅವರಲ್ಲಿ ನಾನು ಹಿಂದೆಂದೂ ನೋಡಿರಲಿಲ್ಲ.

"ಯಾಕ ಹೇಳಿದ್ರಿ?"

"ತಡ್ಕೊಳ್ಳೋಕೆ ಆಗ್ಲಿಲ್ಲ ಸರ್. ನಿಮಗೆ ಅನ್ಯಾಯ ಆಗಿತ್ತು..."

"ನನಗೇನ ಆಗಿತ್ತು? ಆ ತಪ್ಪ ನನ್ನ ಮ್ಯಾಲ ಹಾಕ್ಕೊಂಡದ್ದೊಂದ ಇಡೀ ವರ್ಷದಾಗ ನಾ ನೆಟ್ಟಗ ಮಾಡ್ದ ಕೆಲಸ. ಉಳದದ್ದೆಲ್ಲಾ ಚಪ್ಪಲಿ, ಹೀಟರ್. ಆ ಒಂದನ್ನ ನನಗ ಇಟ್ಕೊಳಾಕ ಬಿಡಬೇಕಾಗಿತ್ತು ತಂಗಿ. ನಿಮಗ ಹಗರ ಆಗಬೇಕಾಗಿತ್ತು. ಅಷ್ಟ."

ಬಸ್ಸು ಬಂತು. ಸಾಲಿನಲ್ಲಿದ್ದವರನ್ನೆಲ್ಲ ಹತ್ತಲು ಬಿಟ್ಟು ಮಾಸ್ತರರು ಕೊನೆಯಲ್ಲಿ ಹತ್ತಿದರು. ಕಿಟಕಿಯ ಪಕ್ಕ ಕೂತರು. ರಫೀಕ್ ಭಾಯಿಗೆ ಕೈ ಬೀಸಿದರು, ಯೂಸುಫನಿಗೆ ಕೈ ಬೀಸಿದರು. ನಾನು ಎತ್ತಿದ ಕೈ ಹಾಗೆಯೇ ಇತ್ತು, ಬಸ್ಸು ತಿರುವು ದಾಟಿತು.

ಆಮೇಲೆ ಎರಡು ಕಾಗದ ಬರೆದೆ, ಉತ್ತರ ಬರಲಿಲ್ಲ. ಅವರು ಹೇಳಿದ್ದು ನಿಜ. ನಾನು ಬಾಯಿ ಬಿಟ್ಟದ್ದು ಅವರಿಗಾಗಿ ಅಲ್ಲ.